ತಪ್ಪು ಕಂಡರೆ ನಿದ್ದೆ ಬಾರದವರು

2014ರ ನವೆಂಬರ್ 1ರಂದು ಗುಲ್ಬರ್ಗ ಸರ್ಕಾರಿ ಕಾಗದದಲ್ಲೂ ಕಲಬುರಗಿ ಆಯಿತು. ಅಂದು ರಾಜ್ಯದ 12 ಊರುಗಳ ಹೆಸರು ಬದಲಾದವು. ಬಸ್ಸಿನ ಬೋರ್ಡು ಬರೆಸಲು ಸಾರಿಗೆ ಸಂಸ್ಥೆ ಇತ್ತು, ಕಚೇರಿಯ ಫಲಕ ಬದಲಿಸಲು ಸಿಬ್ಬಂದಿ ಇದ್ದರು. ಕನ್ನಡ ವಿಕಿಪೀಡಿಯದ ಪುಟ ಪುಟಗಳೊಳಗೆ ಕೂತಿದ್ದ ಹಳೆಯ ಹೆಸರನ್ನು ನೋಡಿ ನೋಡಿ ತಿದ್ದಲು ಮಾತ್ರ ಸಂಬಳದ ನೌಕರರು ಯಾರೂ ಇರಲಿಲ್ಲ. ಅಲ್ಲಿ ಪ್ರತಿ ಪುಟಕ್ಕೂ ‘ಇತಿಹಾಸ’ ಎಂಬ ಬಾಗಿಲು ಇರುತ್ತದೆ. ಯಾರು, ಯಾವಾಗ, ಏನನ್ನು ತಿದ್ದಿದರು ಎಂಬುದು ಅದನ್ನು ತೆರೆದರೆ ಕಾಣುತ್ತದೆ. ನಮ್ಮ ಜಿಲ್ಲೆಯ ಪುಟಗಳ ಇತಿಹಾಸ ತೆರೆದು ಕೂತಾಗ ನನಗೆ ಕಂಡವರು ಬಹುಪಾಲು ಬೆಂಗಳೂರು, ಮಂಗಳೂರಿನ ಕಡೆಯವರು. ಪುಣ್ಯಾತ್ಮರು, ಕಂಡರಿಯದ ಊರಿನ ಕೆಲಸವನ್ನು ಪ್ರೀತಿಯಿಂದ ಮಾಡಿದ್ದರು. ಆದರೆ ‘ಕವಿರಾಜಮಾರ್ಗ’ ಹುಟ್ಟಿದ ರಾಷ್ಟ್ರಕೂಟರ ಮಳಖೇಡ ಇರುವ ಜಿಲ್ಲೆಯ ಬಗ್ಗೆ ಕನ್ನಡದಲ್ಲಿ ನಾಲ್ಕು ಸಾಲು ನೆಟ್ಟಗೆ ಬರೆಯಲು ಇಲ್ಲಿಯವರು ಇಲ್ಲದಿರುವುದು ನನಗೆ ಸಹಿಸಲಾಗಲಿಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನಾನು ಜನರನ್ನು ಹುಡುಕಲು ಹೊರಟದ್ದು ಹೀಗೆ.

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. 2011ರ ಜನಗಣತಿಯ ಪ್ರಕಾರ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4.37 ಕೋಟಿ, ಮಲಯಾಳಂ ಎಂದು ಬರೆಸಿದವರು 3.48 ಕೋಟಿ. ಕನ್ನಡದ ಲೇಖನಗಳು 30 ಸಾವಿರ ದಾಟಿವೆ. ಮಲಯಾಳಂನವು 80 ಸಾವಿರ ದಾಟಿವೆ. ಲೆಕ್ಕಕ್ಕಿಂತ ನನಗೆ ಹೆಚ್ಚು ಚುಚ್ಚುವುದು ಕಾಯುವವರ ಕೊರತೆ. ಬರೆಯುವವರು ಆಗಾಗ ಬರುತ್ತಾರೆ. ಬರೆದದ್ದನ್ನು ಓದಿ, ಆಧಾರ ಕೇಳಿ, ಕೆಡಿಸಿದ್ದನ್ನು ಸರಿಪಡಿಸಿ, ಹೊಸಬರಿಗೆ ದಾರಿ ತೋರಿಸುವವರು ಬೆರಳೆಣಿಕೆಯಷ್ಟು. ಅಲ್ಲಿನ ಸಾರ್ವಜನಿಕ ಚರ್ಚೆಯ ಜಾಗಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರು. ಕಟ್ಟೆಗೆ ಬಂದು ಕೂತು ಹೋಗುವವರು ಬೇರೆ, ದಿನಾ ಬಂದು ಕಟ್ಟೆ ಗುಡಿಸುವವರು ಬೇರೆ. ನಮಗೆ ಬೇಕಾಗಿದ್ದವರು ಎರಡನೆಯವರು.

ದುಡ್ಡು ಕೊಟ್ಟರೆ ಆಗುವುದಿಲ್ಲವೇ ಎಂದು ಅನೇಕರು ಕೇಳಿದ್ದಾರೆ. 2009ರಿಂದ 2011ರ ನಡುವೆ ಒಂದು ದೊಡ್ಡ ಕಂಪನಿ ಹಣ ಕೊಟ್ಟು, ಯಂತ್ರದ ನೆರವಿನಿಂದ ಇಂಗ್ಲಿಷ್ ಲೇಖನಗಳನ್ನು ಕನ್ನಡಕ್ಕೆ ತರಿಸಿ ವಿಕಿಪೀಡಿಯಕ್ಕೆ ಹಾಕಿಸಿತ್ತು. ತಮಿಳು, ತೆಲುಗು, ಬಂಗಾಳಿಗೂ ಇದೇ ಆಯಿತು. ಉದ್ದುದ್ದ ಲೇಖನಗಳು ಬಂದವು. ಓದಿದರೆ ಒಂದು ವಾಕ್ಯವೂ ನಾಲಿಗೆಗೆ ಹತ್ತುವುದಿಲ್ಲ. ಕೆಲಸ ಮುಗಿಯಿತು, ಅನುವಾದಕರು ಹೋದರು. ಅವನ್ನು ಕನ್ನಡ ಮಾಡುವ ಕೆಲಸ ಸಂಬಳವಿಲ್ಲದವರ ತಲೆಗೆ ಬಂತು, ಇನ್ನೂ ಮುಗಿದಿಲ್ಲ. ಅದೇ ಕಾಲದಲ್ಲಿ ತುಳುವಿನವರು ಸಂಬಳವಿಲ್ಲದೆ ಸುಮಾರು ಎಂಟು ವರ್ಷ, ಹೊಸ ಭಾಷೆಯ ವಿಕಿಪೀಡಿಯಗಳನ್ನು ಮೊದಲು ಬೆಳೆಸುವ ಇನ್‌ಕ್ಯುಬೇಟರಿನಲ್ಲಿ ಒಂದೊಂದೇ ಲೇಖನ ಕೂಡಿಸಿ 2016ರ ಆಗಸ್ಟಿನಲ್ಲಿ ತುಳು ವಿಕಿಪೀಡಿಯವನ್ನು ನಿಲ್ಲಿಸಿದರು. ಮಂಗಳೂರು, ಉಜಿರೆ, ಮೂಡುಬಿದಿರೆಯ ಕಾಲೇಜುಗಳಲ್ಲಿ ಮೇಷ್ಟ್ರುಗಳೂ ಹುಡುಗರೂ ಜತೆಗೂಡಿ ಕೂತ ಫಲ ಅದು. ಅವರಿಗೆ ಆಗಿದ್ದು ನಮಗೇಕೆ ಆಗಬಾರದು ಎಂಬ ಹಟವೂ ನನ್ನಲ್ಲಿತ್ತು.

ಮೊದಲು ಎಲ್ಲರೂ ಮಾಡುವಂತೆ ಕಾರ್ಯಾಗಾರ ನಡೆಯಿತು. ಕಂಪ್ಯೂಟರ್ ಲ್ಯಾಬ್ ತುಂಬ ಹುಡುಗ ಹುಡುಗಿಯರು. ಖಾತೆ ತೆರೆದರು, ಪ್ರಯೋಗಪುಟದಲ್ಲಿ ತಮ್ಮ ಊರಿನ ಬಗ್ಗೆ ಬರೆದರು, ಮಧ್ಯಾಹ್ನ ಸುಸಲಾ, ಮಿರ್ಚಿ ಭಜಿ ತಿಂದರು, ಸಂಜೆಗೆ ಪ್ರಮಾಣಪತ್ರ ಹಿಡಿದು ಫೋಟೊ ತೆಗೆಸಿಕೊಂಡರು. ಅವರಲ್ಲಿ ಬಹಳಷ್ಟು ಮಂದಿ ಕೆಪಿಎಸ್‌ಸಿಗೆ ಓದುತ್ತಿದ್ದವರು. ನಮ್ಮ ಭಾಗಕ್ಕೆ ನೌಕರಿಯಲ್ಲಿ ಮೀಸಲು ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಇಲ್ಲಿಯ ಹುಡುಗರಿಗೆ ನೌಕರಿಯ ಆಸೆ ಚಿಗುರಿದೆ, ಗ್ರಂಥಾಲಯಗಳು ಬೆಳಿಗ್ಗೆಯಿಂದ ತುಂಬಿರುತ್ತವೆ. ಇಸವಿ, ಕಲಮು, ಅಂಕಿ ಅಂಶ ಅವರ ನಾಲಿಗೆಯ ತುದಿಯಲ್ಲೇ ಇರುತ್ತವೆ. ಆದರೆ ಪರೀಕ್ಷೆಯ ಅಧಿಸೂಚನೆ ಬಂತೆಂದರೆ ಅವರು ಸಿಗುವುದಿಲ್ಲ, ಸಿಗಬೇಕು ಎಂದು ಕೇಳುವುದೂ ಸರಿಯಲ್ಲ. ಹೊಟ್ಟೆಯ ಪ್ರಶ್ನೆ ಅದು. ಕಾರ್ಯಾಗಾರದಿಂದ ಲೇಖನಗಳು ಬಂದವು, ಉಳಿಯುವ ಜನ ಬರಲಿಲ್ಲ.

ಉಳಿಯುವ ಮೊದಲ ವ್ಯಕ್ತಿ ಸಿಕ್ಕಿದ್ದು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಒಂದು ಡಿಟಿಪಿ ಅಂಗಡಿಯಲ್ಲಿ. ವಿಶ್ವವಿದ್ಯಾಲಯದ ಪಿಎಚ್‌ಡಿ ಪ್ರಬಂಧಗಳೆಲ್ಲ ಇಂಥ ಅಂಗಡಿಗಳಲ್ಲೇ ಬೆರಳಚ್ಚಾಗುತ್ತವೆ. ಅಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡುವ ವೇಗ ನೋಡುವಂಥದ್ದು. ನನ್ನನ್ನು ಹಿಡಿದು ನಿಲ್ಲಿಸಿದ್ದು ವೇಗವಲ್ಲ. ತನ್ನ ಪ್ರಬಂಧ ತೆಗೆದುಕೊಳ್ಳಲು ಬಂದ ಸಂಶೋಧಕನನ್ನು ಆಕೆ ಕೇಳಿದಳು:

“ಸರ, ಈ ಶಾಸನಕ್ಕ ಎರಡನೇ ಅಧ್ಯಾಯದಾಗ ಒಂದ್ ಇಸ್ವಿ ಅದ, ನಾಕನೇದ್ರಾಗ ಬ್ಯಾರೆ ಇಸ್ವಿ ಅದ. ಯಾವ್ದು ಖರೇ?”

ಆತ “ಎರಡೂ ಇರಲಿ ಬಿಡವಾ” ಎಂದು ಹಣ ಕೊಟ್ಟು ಹೋದ. ಆಕೆಯ ಮುಖ ಸಪ್ಪಗಾಯಿತು. ನನಗೆ ಆ ಮುಖ ನೋಡಿದ ಕೂಡಲೇ, ನಾವು ಹುಡುಕುತ್ತಿರುವವಳು ಇವಳೇ ಅನ್ನಿಸಿತು. ಸ್ವಯಂಸೇವಕರನ್ನು ಹುಡುಕುವವರು ಸಾಮಾನ್ಯವಾಗಿ ಉತ್ಸಾಹ ನೋಡುತ್ತಾರೆ, ಬಿಡುವು ನೋಡುತ್ತಾರೆ, ಡಿಗ್ರಿ ನೋಡುತ್ತಾರೆ. ನಾನು ಅಂದಿನಿಂದ ನೋಡುವುದು ಒಂದನ್ನೇ: ತಪ್ಪು ಕಂಡಾಗ ಇವರಿಗೆ ಸುಮ್ಮನಿರಲು ಆಗುತ್ತದೆಯೋ ಇಲ್ಲವೋ.

ಆಕೆಗೆ ವಿಕಿಪೀಡಿಯ ಎಂದರೆ ಹುಡುಗರು ಪ್ರಾಜೆಕ್ಟಿಗೆ ಎತ್ತಿ ತರುವ ಮಾಹಿತಿ ಅಷ್ಟೇ ಆಗಿತ್ತು. ಅದನ್ನು ತಾನೂ ತಿದ್ದಬಹುದು ಎಂಬುದೇ ಗೊತ್ತಿರಲಿಲ್ಲ. ನುಡಿಯ ‘ಕಗಪ’ ಕೀಲಿಮಣೆಯ ಜೋಡಣೆ ಅಲ್ಲೂ ಇದೆ, ಬೆರಳಿಗೆ ಹೊಸ ಪಾಠ ಬೇಕಿಲ್ಲ ಎಂದು ತೋರಿಸಿದಾಗ ನಕ್ಕಳು. ಮೊದಲ ಕೆಲಸವಾಗಿ ಕೊಟ್ಟದ್ದು, ಪುಸ್ತಕಗಳ ಪಠ್ಯವನ್ನು ಇಡುವ ವಿಕಿಪೀಡಿಯದ ಸೋದರ ತಾಣ ವಿಕಿಸೋರ್ಸ್‌ನ ಪುಟಗಳು. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಯಲ್ಲಿ 2014ರಲ್ಲಿ ಬಿಟ್ಟುಕೊಟ್ಟ ಮೇಲೆ ಅದೂ ಅಲ್ಲಿ ಸೇರಿತು. ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಯಂತ್ರಕ್ಕೆ ಓದಿಸಿದರೆ ಅದು ಕನ್ನಡವನ್ನು ಎಡವಿ ಎಡವಿ ಓದುತ್ತದೆ. ಅರ್ಕಾವತ್ತನ್ನು ಒಂಬತ್ತು ಎನ್ನುತ್ತದೆ, ಅನುಸ್ವಾರವನ್ನು ಸೊನ್ನೆ ಎನ್ನುತ್ತದೆ, ಮಹಾಪ್ರಾಣದ ಸೀಳನ್ನು ನುಂಗಿ ‘ಧ’ವನ್ನು ‘ದ’ ಮಾಡುತ್ತದೆ. ಇದನ್ನು ಹಿಡಿಯಲು ಪ್ರೂಫ್ ನೋಡಿ ಪಳಗಿದ ಕಣ್ಣು ಬೇಕು. ಡಿಟಿಪಿ ಅಂಗಡಿಗಳಲ್ಲಿ ಅಂಥ ಕಣ್ಣುಗಳು ಎಷ್ಟಿವೆ! ಯಾರೂ ಅದನ್ನು ವಿದ್ಯೆ ಎಂದು ಕರೆದಿಲ್ಲ, ಪುಟಕ್ಕೆ ಇಷ್ಟು ಎಂದು ಎಣಿಸಿ ಕೊಟ್ಟು ಸುಮ್ಮನಾಗಿದ್ದಾರೆ.

ವಿಕಿಸೋರ್ಸ್‌ನಲ್ಲಿ ಒಂದು ಒಳ್ಳೆಯ ಕಟ್ಟಳೆ ಇದೆ. ಒಬ್ಬರು ತಿದ್ದಿ ಮುಗಿಸಿದ ಪುಟಕ್ಕೆ ಹಳದಿ ಬಣ್ಣ ಬರುತ್ತದೆ. ಮತ್ತೊಬ್ಬರು ಮೂಲದೊಂದಿಗೆ ಹೋಲಿಸಿ ಒಪ್ಪಿದರೆ ಮಾತ್ರ ಹಸಿರು. ಒಬ್ಬರೇ ಎರಡನ್ನೂ ಮಾಡುವಂತಿಲ್ಲ. ಹೀಗಾಗಿ ಒಬ್ಬರನ್ನು ಸೇರಿಸಿಕೊಂಡರೆ ಸಾಲದು, ಅವರಿಗೆ ಜೊತೆ ಬೇಕು. ಈ ಕಟ್ಟಳೆಯೇ ನನ್ನನ್ನು ನಮ್ಮ ಜಿಲ್ಲೆಯ ಕಮಲಾಪುರಕ್ಕೆ ಕಳಿಸಿತು.

ಪತ್ರಿಕೆಗಳ ವಾಚಕರ ವಾಣಿ ಓದುವ ಚಟ ನನಗೆ ಮೊದಲಿನಿಂದ ಇದೆ. ಕಮಲಾಪುರದ ನಿವೃತ್ತ ಶಿಕ್ಷಕರೊಬ್ಬರು ಅಲ್ಲಿ ಆಗಾಗ ಬರೆಯುತ್ತಿದ್ದರು. ಬೈಗುಳವಿಲ್ಲದ, ನಾಲ್ಕೇ ಸಾಲಿನ ಪತ್ರ: ಮೊನ್ನೆಯ ವರದಿಯಲ್ಲಿ ಇಂಥ ಕಡೆ ಹೀಗಾಗಿದೆ, ಸರಿಯಾದದ್ದು ಹೀಗೆ. ಒಂದು ಪತ್ರದಲ್ಲಿ ಹಂಪಿಯ ಪಕ್ಕದ ಕಮಲಾಪುರವನ್ನೂ ತಮ್ಮ ಕಮಲಾಪುರವನ್ನೂ ಒಂದೇ ಮಾಡಿದವರಿಗೆ ಬುದ್ಧಿ ಹೇಳಿದ್ದರು. ಆ ಕಮಲಾಪುರದಲ್ಲಿ ಪುರಾತತ್ವ ವಸ್ತುಸಂಗ್ರಹಾಲಯವಿದೆ. ಈ ಕಮಲಾಪುರ ಭೌಗೋಳಿಕ ಸೂಚಕದ ಗೌರವ ಪಡೆದ ಕೆಂಪು ಬಾಳೆಯ ನೆಲ. ಅಂತರಜಾಲದಲ್ಲಿ ಈ ಎರಡು ಊರುಗಳು ಕಲಸಿಹೋಗುವುದು ನಾನೂ ಕಂಡಿದ್ದೆ. ಹುಮನಾಬಾದ್ ಬಸ್ಸು ಹತ್ತಿ, ಮಹಾಗಾಂವ ಕ್ರಾಸ್ ದಾಟಿ ಅವರ ಮನೆಗೆ ಹೋದೆ. ಮಾತಾಡಿದ್ದು ರೊಟ್ಟಿ, ಶೇಂಗಾ ಹಿಂಡಿಯ ತಟ್ಟೆಯ ಮುಂದೆ.

“ಅಕ್ಕಾರ, ನನಗ ಕಂಪ್ಯೂಟರ್ ಬರಂಗಿಲ್ಲ. ಕೆಂಪು ಪೆನ್ನ ಹಿಡಿದು ತಿದ್ದೂದಷ್ಟೇ ಬರ್ತದ.”

“ತಿದ್ದೋರೇ ಬೇಕಾಗ್ಯಾರ್ರಿ ಗುರುಗಳೇ.”

“ಪಗಾರ ಇಲ್ಲ ಅಂತೀರಿ, ಇರ್ಲಿ. ಅಲ್ಲಿ ಹೆಡ್‌ಮಾಸ್ತರ್ ಯಾರು?”

“ಯಾರೂ ಇಲ್ರಿ. ನೀವು ಬರದಿದ್ದನ್ನ ಯಾರು ಬೇಕಾದ್ರೂ ತಿದ್ದಬಹುದು, ಅವರದನ್ನ ನೀವೂ ತಿದ್ದಬಹುದು. ಜಗಳಾದ್ರ ಚರ್ಚೆ ಪುಟದಾಗ ಕುಂತು ಬಗೆಹರಿಸ್ಕೋಬೇಕು. ಆಧಾರ ಯಾರ ಕಡೆ ಅದನೋ ಅವರ ಮಾತು ನಿಲ್ತದ.”

ಅವರು ತುಸು ಹೊತ್ತು ಸುಮ್ಮನಿದ್ದು, “ಆಧಾರ ಇದ್ದೋರ ಮಾತು ನಿಲ್ಲೂದಾದ್ರ ಬರ್ತೀನಿ” ಎಂದರು.

ಆಗಷ್ಟೇ ಜಿಯೊ ಬಂದು ಹಳ್ಳಿಯ ಫೋನುಗಳಿಗೂ ಇಂಟರ್ನೆಟ್ ಸಿಗತೊಡಗಿತ್ತು. ಮೊಮ್ಮಗಳು ಫೋನಿನಲ್ಲಿ ಕನ್ನಡ ಕೀಲಿಮಣೆ ಹಾಕಿಕೊಟ್ಟಳು. ಗುರುಗಳು ಮೊದಲು ಒಂದು ಅಲ್ಪವಿರಾಮ ಹಾಕಿದರು, ಆಮೇಲೆ ಒಂದು ಕಾಗುಣಿತ ತಿದ್ದಿದರು, ಮುಂದೆ ಕಲಬುರಗಿಯ ಹುಡುಗಿ ಹಳದಿ ಮಾಡಿಟ್ಟ ಪುಟಗಳನ್ನು ಹಸಿರು ಮಾಡತೊಡಗಿದರು. ಇಬ್ಬರೂ ಒಬ್ಬರನ್ನೊಬ್ಬರು ಎಷ್ಟೋ ಕಾಲ ನೋಡಿರಲಿಲ್ಲ. ಆಕೆಯ ಕಣ್ಣು ತಪ್ಪಿಸಿದ್ದನ್ನು ಅವರು ಹಿಡಿಯುತ್ತಿದ್ದರು. ಅವರು ಅನುಮಾನದಿಂದ ಬಿಟ್ಟದ್ದನ್ನು ಆಕೆ ನಿಘಂಟು ನೋಡಿ ಇತ್ಯರ್ಥ ಮಾಡುತ್ತಿದ್ದಳು. 2018ರಲ್ಲಿ ಕಮಲಾಪುರ ತಾಲ್ಲೂಕಾಯಿತು. ಕಾಳಗಿ, ಶಹಾಬಾದ್, ಯಡ್ರಾಮಿಗಳೂ ಆದವು. ಯಾವ ಹಳ್ಳಿ ಯಾವ ತಾಲ್ಲೂಕಿಗೆ ಹೋಯಿತು ಎಂದು ಸರ್ಕಾರಿ ಆದೇಶ ಹಿಡಿದುಕೊಂಡು ಪುಟಗಳನ್ನು ತಿದ್ದುವ ಕೆಲಸ ಗುರುಗಳೇ ಕೈಗೆತ್ತಿಕೊಂಡರು. ನಾನು ಹೇಳಿರಲಿಲ್ಲ. ದೂರದ ಊರಿನ ಸ್ವಯಂಸೇವಕ ಎಷ್ಟೇ ನಿಷ್ಠನಾದರೂ ಆ ಕೆಲಸ ಹಾಗೆ ಮಾಡಲಾರ. ಆದೇಶದಲ್ಲಿರುವ ಹಳ್ಳಿಯ ಹೆಸರನ್ನು ಜನ ಹೇಗೆ ಕರೆಯುತ್ತಾರೆ, ಒಂದೇ ಹೆಸರಿನ ಎರಡು ಹಳ್ಳಿಗಳಲ್ಲಿ ಯಾವುದು ಯಾವ ದಿಕ್ಕಿಗಿದೆ ಎಂಬುದು ಅಲ್ಲಿ ಶಾಲೆಯ ಮಕ್ಕಳ ಹಾಜರಿ ಕೂಗಿದವರಿಗೇ ಗೊತ್ತು.

ಮೂರನೆಯವರ ವಿದ್ಯೆ ಇನ್ನೂ ಅಪರೂಪದ್ದು. ನಮ್ಮ ನೆಲ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಡಳಿತದಲ್ಲಿತ್ತು, ಆಡಳಿತದ ಭಾಷೆ ಉರ್ದು. ಬಹಮನಿಗಳು 1347ರಲ್ಲಿ ಇಲ್ಲಿ ರಾಜಧಾನಿ ಮಾಡಿದ ಮೇಲಿನ ಶತಮಾನಗಳ ಆಧಾರಗಳು ಪಾರ್ಸಿಯಲ್ಲಿ, ದಖನಿಯಲ್ಲಿ, ಉರ್ದುವಿನಲ್ಲಿವೆ. ಸೂಫಿ ಸಂತ ಬಂದೇ ನವಾಜರ ಬಗ್ಗೆಯೋ ಕೋಟೆಯೊಳಗಿನ 1367ರ ಜಾಮಿ ಮಸೀದಿಯ ಬಗ್ಗೆಯೋ ಕನ್ನಡದಲ್ಲಿ ಬರೆಯಬೇಕೆಂದರೆ ಇಂಗ್ಲಿಷ್ ಪುಸ್ತಕ ತಿರುವಬೇಕಾದ ಸ್ಥಿತಿ ನಮಗಿತ್ತು. ಬಂದೇ ನವಾಜರ ದರ್ಗಾದ ಹತ್ತಿರದ ಓಣಿಯ ಒಬ್ಬ ಯುವಕ ಉರ್ದು ಶಾಲೆಯಲ್ಲಿ ಓದಿ, ಕನ್ನಡದಲ್ಲಿ ಎಂ.ಎ. ಮಾಡಿದ್ದ. ನಸ್ತಾಲೀಕ್ ಲಿಪಿಯನ್ನು ಸರಾಗವಾಗಿ ಓದಿ, ಹಾಗೇ ತಿಳಿಗನ್ನಡದಲ್ಲಿ ಹೇಳುತ್ತಿದ್ದ. ಊರಿನಲ್ಲಿ ಅವನ ಈ ಶಕ್ತಿಯನ್ನು ಕೇಳಿ ಪಡೆದವರೇ ಇರಲಿಲ್ಲ. ನಾವು ಕೇಳಿದೆವು. ಅಷ್ಟೇ ಸಾಕಾಯಿತು. ಕಲಬುರಗಿಯ ಬಗ್ಗೆ ಬರೆಯುವ ಬಳಗದಲ್ಲಿ ಉರ್ದು ಬಲ್ಲವರಿಲ್ಲದಿದ್ದರೆ ನಮ್ಮದೇ ಊರಿನ ಅರ್ಧ ಚರಿತ್ರೆಗೆ ನಾವು ಪರಕೀಯರಾಗುತ್ತೇವೆ ಎಂಬುದು ನನ್ನ ಗಟ್ಟಿ ನಂಬಿಕೆ.

ಕರೆತರುವುದು ಒಂದು ತೂಕವಾದರೆ ಉಳಿಸಿಕೊಳ್ಳುವುದು ಹತ್ತು ತೂಕ. ಕಮಲಾಪುರದ ಒಬ್ಬ ರೈತ ಹುಡುಗ, ಪದವೀಧರ, ಕೆಂಪು ಬಾಳೆಯ ಪುಟಕ್ಕೆ ಚಿತ್ರಗಳನ್ನು ಏರಿಸಿದ. ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರಗಳು. ತೆಗೆದವರ ಅನುಮತಿ ಇಲ್ಲದ ಚಿತ್ರ ಅಲ್ಲಿ ನಿಲ್ಲುವುದಿಲ್ಲ, ಅಳಿಸಿದರು. ಅವನಿಗೆ ಸಿಕ್ಕಿದ್ದು ಇಂಗ್ಲಿಷಿನ ಒಂದು ಸಿದ್ಧ ಎಚ್ಚರಿಕೆ. ಕಳವು ಮಾಡಿದವನಂತೆ ನಡೆಸಿಕೊಂಡರಲ್ಲ ಎಂದು ಅವನಿಗೆ ಅವಮಾನವಾಯಿತು. ಫೋನು ಎತ್ತಲಿಲ್ಲ. ನಿಯಮ ಸರಿಯಿತ್ತು, ಅದನ್ನು ಹೇಳುವ ಬಾಯಿ ಇರಲಿಲ್ಲ. ಗುರುಗಳು ಅವನ ಹೊಲಕ್ಕೇ ಹೋದರು. “ತಮ್ಮಾ, ಗಿಡ ನಿನ್ನದು, ಗೊನಿ ನಿನ್ನದು, ಚಿತ್ರ ಮಂದೀದು ಯಾಕ?” ಎಂದು ಅವನ ಕೈಯಿಂದಲೇ ಫೋಟೊ ತೆಗೆಸಿದರು. ಆಳೆತ್ತರ ಮೀರಿದ ಗಿಡ, ಕೆಂಪು ಗೊನೆ, ಗಾಳಿಗೆ ಬೀಳದಂತೆ ಕೊಟ್ಟ ಊರುಗೋಲು, ಎಲ್ಲವೂ ಬಂದವು. ಅಂದಿನಿಂದ ನಮ್ಮ ಗುಂಪಿನಲ್ಲಿ ಒಂದು ರೂಢಿ ಬಿತ್ತು. ಹೊಸಬರ ಕೆಲಸ ರದ್ದಾದರೆ ಯಂತ್ರದ ಸಂದೇಶಕ್ಕಿಂತ ಮುಂಚೆ ನಮ್ಮಲ್ಲಿ ಒಬ್ಬರ ಫೋನು ಅವರಿಗೆ ಹೋಗಬೇಕು, ಕನ್ನಡದಲ್ಲಿ, ನಮ್ಮ ಕಡೆಯ ಕನ್ನಡದಲ್ಲಿ. ಸ್ವಯಂಸೇವಕರು ಕೆಲಸ ಹೆಚ್ಚಾಗಿ ಬಿಡುವುದು ಕಡಿಮೆ, ಮುಖಭಂಗವಾಗಿ ಬಿಡುವುದೇ ಹೆಚ್ಚು. ಎಷ್ಟು ಚತುರರನ್ನು ನಾವು ಹೀಗೆ ಕಳೆದುಕೊಂಡಿರಬಹುದು ಎಂದು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಆ ರೈತ ಹುಡುಗ ಜೂನ್, ಜುಲೈನಲ್ಲಿ ಕಾಣುವುದಿಲ್ಲ, ತೊಗರಿ ಬಿತ್ತನೆ. ಡಿಸೆಂಬರ್, ಜನವರಿಯಲ್ಲೂ ಕಾಣುವುದಿಲ್ಲ, ರಾಶಿ. ಡಿಟಿಪಿ ಅಂಗಡಿಯ ಹುಡುಗಿಗೆ ಪ್ರಬಂಧ ಸಲ್ಲಿಸುವ ಕಾಲದಲ್ಲಿ ಉಸಿರಾಡಲು ಬಿಡುವಿರುವುದಿಲ್ಲ. ರಮಜಾನಿನಲ್ಲಿ ಉರ್ದು ಬಲ್ಲ ಗೆಳೆಯನ ದಿನಚರಿ ಬೇರೆ. ಇದೆಲ್ಲ ಮೊದಲೇ ಗೊತ್ತಿರುವುದರಿಂದ ಒಬ್ಬರ ಜಾಗಕ್ಕೆ ಇನ್ನೊಬ್ಬರು ಕೂರುತ್ತಾರೆ. ಹೋದವರನ್ನು ಯಾರೂ ‘ಯಾಕೆ ಬರಲಿಲ್ಲ’ ಎಂದು ಕೇಳುವುದಿಲ್ಲ. ‘ಬಂದ್ಯಾ? ಈ ಪುಟ ನೋಡು’ ಎನ್ನುತ್ತಾರೆ. ನಡುನಡುವೆ ಬೇರೆ ರೀತಿಯ ಅಭ್ಯರ್ಥಿಗಳೂ ಬರುವುದುಂಟು. ‘ನಮ್ಮ ಸಾಹೇಬ್ರದೊಂದು ಪುಟ ಮಾಡ್ರಿ’ ಎನ್ನುವವರು, ಶರಣರ ಪುಟಕ್ಕೆ ಜಾತಿ ಅಂಟಿಸಲು ಬರುವವರು. ಅವರಿಗೆ ಆಧಾರ ಕೇಳಿದರೆ ಸಾಕು, ತಾವಾಗಿಯೇ ಹೋಗುತ್ತಾರೆ.

ಈ ಜನರ ಬೆಲೆ ನನಗೆ ಪೂರ್ತಿಯಾಗಿ ತಿಳಿದದ್ದು 2020ರ ಮಾರ್ಚಿನಲ್ಲಿ. ದೇಶದಲ್ಲಿ ಕೋವಿಡ್‌ನ ಮೊದಲ ಸಾವು ಕಲಬುರಗಿಯಲ್ಲಾಯಿತು. ಅದು ದೃಢಪಟ್ಟ ಮಾರ್ಚ್ 12ರ ರಾತ್ರಿಯಿಂದ ಊರಿನ ಹೆಸರು ಎಲ್ಲರ ಬಾಯಲ್ಲಿ. ಫೋನಿನ ತುಂಬ ಸುಳ್ಳುಗಳು: ಇಂಥ ಓಣಿ ಮುಚ್ಚಿದ್ದಾರೆ, ಇಷ್ಟು ಮಂದಿ ಸತ್ತರು, ಇಂಥ ಕಷಾಯ ಕುಡಿದರೆ ಸಾಕು. ವಿಕಿಪೀಡಿಯದ ಪುಟಗಳಿಗೂ ಅವು ನುಗ್ಗಿದವು. ‘ಇತ್ತೀಚೆಗಿನ ಬದಲಾವಣೆಗಳು’ ಪಟ್ಟಿಯನ್ನು ನಾವು ಪಾಳಿ ಹಾಕಿಕೊಂಡು ಕಾದೆವು. ಆರೋಗ್ಯ ಇಲಾಖೆಯ ದಿನದ ಪ್ರಕಟಣೆಯಲ್ಲಿ ಇದ್ದದ್ದು ಉಳಿಯಿತು, ಇಲ್ಲದ್ದು ಹೋಯಿತು. ಗುರುಗಳಿಗೆ ಬೆಳಗಿನ ಪಾಳಿ, ಅಂಗಡಿ ಮುಚ್ಚಿ ಮನೆಯಲ್ಲಿ ಕೂತ ಹುಡುಗಿಗೆ ರಾತ್ರಿಯದು. ಒಂದು ಸಮುದಾಯದ ಮೇಲೆ ಸೋಂಕಿನ ಅಪವಾದ ಹೊರಿಸುವ ಸಾಲುಗಳು ಬರತೊಡಗಿದಾಗ, ದರ್ಗಾ ಓಣಿಯ ಗೆಳೆಯ ತಾನು ತೆಗೆಯದೆ ಗುರುಗಳಿಗೆ ತೋರಿಸುತ್ತಿದ್ದ. ತಾನು ತೆಗೆದರೆ ಜಗಳಕ್ಕೆ ಬೇರೆ ಬಣ್ಣ ಬರುತ್ತದೆ ಎಂಬ ಎಚ್ಚರ ಅವನದು. ಗುರುಗಳು ಆಧಾರವಿಲ್ಲ ಎಂಬ ಒಂದೇ ಮಾತು ಬರೆದು ತೆಗೆಯುತ್ತಿದ್ದರು. ಹೊಸಬರ ದೊಡ್ಡ ಗುಂಪೊಂದು ಅಂದು ಸಿಕ್ಕಿದ್ದರೂ ಈ ಕೆಲಸ ಆಗುತ್ತಿರಲಿಲ್ಲ. ಒಬ್ಬರ ಕೈಬರಹ ಒಬ್ಬರಿಗೆ ಗೊತ್ತಾಗುವಷ್ಟು ಕಾಲ ಜತೆಗಿದ್ದವರಿಗೆ ಮಾತ್ರ ಆಗುವ ಕೆಲಸ ಅದು.

ಅದಾದ ಮೇಲೆ ಗುರುಗಳಿಗೆ ಒಂದು ಮಾತು ಕೇಳಿದೆ. ವಿಕಿಪೀಡಿಯದಲ್ಲಿ ನಿರ್ವಾಹಕರನ್ನು ಯಾರೂ ನೇಮಿಸುವುದಿಲ್ಲ. ಅರ್ಜಿಯನ್ನು ಸಮುದಾಯದ ಮುಂದೆ ಇಡಬೇಕು, ಜತೆಗಾರರು ಒಪ್ಪಬೇಕು. ಸಣ್ಣ ಸಮುದಾಯಗಳಲ್ಲಿ ಹಕ್ಕನ್ನು ನಿಗದಿತ ಅವಧಿಗೆ ಕೊಡುತ್ತಾರೆ, ಮುಗಿದ ಮೇಲೆ ಮತ್ತೆ ಕೇಳಬೇಕು. ಪುಟ ಅಳಿಸುವ, ಉಪಟಳ ಕೊಡುವವರನ್ನು ತಡೆಯುವ ಹಕ್ಕು ಅದು. ನೀವು ಯಾಕೆ ನಿಲ್ಲಬಾರದು ಎಂದೆ. “ಅಧಿಕಾರ ಬ್ಯಾಡ್ರಿ ಅಕ್ಕಾರ. ಮೂವತ್ತು ವರ್ಷ ಸಾಲ್ಯಾಗ ಛಡಿ ಹಿಡಿದೀನಿ, ಸಾಕು. ಈಗ ಪೆನ್ನಷ್ಟೇ ಇರ್ಲಿ” ಎಂದರು. ನನಗೆ ಸ್ವಲ್ಪ ನಿರಾಸೆಯಾಯಿತು. ಅಂಥ ಹಕ್ಕು ನಮ್ಮ ಭಾಗದ ಒಬ್ಬರ ಕೈಯಲ್ಲಿರಬೇಕು ಎಂಬ ಆಸೆ ನನಗೆ ಈಗಲೂ ಇದೆ. ಆದರೆ ಅವರು ಮಾತು ಅಲ್ಲಿಗೆ ನಿಲ್ಲಿಸಲಿಲ್ಲ. “ಆ ಪುಟ ಹಳದಿ ಮಾಡ್ತದಲ್ಲ, ಆ ಹುಡುಗೀಗಿ ಕೇಳ್ರಿ. ಆಕಿ ತಪ್ಪು ಬಿಡಂಗಿಲ್ಲ, ಮಂದೀನ್ನೂ ಬೈಯಂಗಿಲ್ಲ” ಎಂದರು.

ಆಕೆಗೆ ಕೇಳಿದೆ. ಈಗ ಅಂಗಡಿ ಅವಳದೇ, ಇಬ್ಬರಿಗೆ ಕೆಲಸವನ್ನೂ ಕೊಟ್ಟಿದ್ದಾಳೆ. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ, ಮೊದಲು ನಿಯಮಗಳ ಪುಟ ಓದುತ್ತೇನೆ ಎಂದಳು. ಓದಿದಳು, ಓದುತ್ತಾ ಅದರೊಳಗಿನ ಕಾಗುಣಿತ ತಪ್ಪುಗಳನ್ನೂ ತಿದ್ದಿದಳು. ಆಮೇಲೆ ನನಗೆ ಒಂದು ಪಟ್ಟಿ ಕಳಿಸಿದಳು. ಕಲಬುರಗಿಯ ಮುದ್ರಣಾಲಯಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ತನಗೆ ಗೊತ್ತಿರುವ, ಪ್ರೂಫ್ ಚೆನ್ನಾಗಿ ನೋಡುವವರ ಹೆಸರು. ಪ್ರತಿ ಹೆಸರಿನ ಮುಂದೆ ಯಾವ ತಿಂಗಳು ಬಿಡುವಿರುತ್ತದೆ ಎಂದೂ ಬರೆದಿದ್ದಳು.

“ಮೇಡಂ, ಈ ಸಲ ಲ್ಯಾಬ್ ಬ್ಯಾಡ, ಸರ್ಟಿಫಿಕೇಟ್ ಬ್ಯಾಡ. ಇವರ ಅಂಗಡಿಗೇ ಒಬ್ಬೊಬ್ಬರ ಬಳಿ ಹೋಗೋಣು. ನನ್ನ ಕಡೆ ಸ್ಕೂಟಿ ಅದ.”

ಮುಂದಿನ ರವಿವಾರ ಹೊರಡುವುದೆಂದು ಮಾತಾಗಿದೆ.